ಹೀಟ್ ಪಂಪಿನ ಬಾಯಿ ಮುಚ್ಚಿಸಿದ್ದು

ನಮ್ಮ ಬೀದಿಯ ಹದಿನಾರು ಮನೆಗಳಲ್ಲಿ ಹೀಟ್ ಪಂಪ್ ಹಾಕಿಸುವ ಮೊಟ್ಟಮೊದಲ ಗಂಡಸು ನಾನೇ ಆಗಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ತೀರ್ಮಾನಿಸಿದೆ. ಮಹತ್ತರ ತೀರ್ಮಾನಗಳನ್ನು ತಡಮಾಡದೆ ಪ್ರಕಟಿಸುವುದು ನನ್ನ ಸ್ವಭಾವ. ಬಾಯ್ತುಂಬ ನೊರೆ ಇಟ್ಟುಕೊಂಡೇ ಪ್ರಕಟಿಸಿದೆ. ಹೆಂಡತಿಗೆ ಅರ್ಥವಾಗಲಿಲ್ಲ. ಉಗುಳಿ ಬಂದು ಇನ್ನೊಮ್ಮೆ ಪ್ರಕಟಿಸಿದೆ.

"ಈಗಿರೋ ಗೀಸರ್‌ಗೆ ಏನಾಗಿದೆ?" ಎಂದಳು.

"ಅದು ಕರೆಂಟು ಕುಡಿಯೋ ರಾಕ್ಷಸ. ಹೀಟ್ ಪಂಪ್ ಹಾಗಲ್ಲ. ಹೊರಗಿನ ಗಾಳಿಯಲ್ಲಿರೋ ಶಾಖವನ್ನೇ ಹೀರಿ ನೀರಿಗೆ ಕೊಡುತ್ತೆ. ಮೂರರಲ್ಲಿ ಒಂದು ಪಾಲು ಕರೆಂಟು ಸಾಕು."

"ಅಂದ್ರೆ ಗಾಳಿ ಕುಡಿದು ಬದುಕುತ್ತೆ."

"ಹಾಗೇ ಅನ್ಕೋ."

"ಹಾಕೋರು ಬಂದು ಹಾಕಿ ಹೋಗಲಿ. ಆಮೇಲೆ ನೀವು ಅದನ್ನ ಮುಟ್ಟಬಾರದು. ಅಷ್ಟು ಮಾತು ಕೊಟ್ರೆ ನನ್ನದೇನೂ ಅಡ್ಡಿ ಇಲ್ಲ."

ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಎಂದೂ ಜಿಪುಣನಲ್ಲ.

ಹೆಂಡತಿ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವಳು. ಯಾವ ಬಸ್ಸು ಯಾವ ನಿಮಿಷಕ್ಕೆ ಎಲ್ಲಿರಬೇಕೆಂದು ನಿರ್ಧರಿಸುವ ಅಧಿಕಾರ ಅವಳದು. ನಾನು ಎಲ್ಲಿರಬೇಕೆಂದು ನಿರ್ಧರಿಸುವುದು ಅವಳಿಗೆ ಹೆಚ್ಚುವರಿ ಕೆಲಸ. ನಮ್ಮ ಜೊತೆ ಅವಳ ತಾಯಿ, ಅಂದರೆ ನಮ್ಮ ಅತ್ತೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದಗಳ ಮೇಲೆ ಮುದ್ರೆ ಒತ್ತಿ ನಿವೃತ್ತರಾದವರು. ಮಾತಿಗೂ ಮುದ್ರೆ ಒತ್ತಿಯೇ ಹೊರಗೆ ಬಿಡುತ್ತಾರೆ. ಈಚೆಗೆ ಕಿವಿ ಸ್ವಲ್ಪ ಮಂದ.

ಯಂತ್ರ ಬಂತು. ಹಾಕಲು ಬಂದ ಪ್ಲಂಬರ್ ಐವತ್ತರ ಸುಮಾರಿನ ಹೆಂಗಸು. ದಿನಕ್ಕೆ ಇಷ್ಟೇ ಮಾತು ಎಂದು ಅಳೆದಿಟ್ಟುಕೊಂಡವಳಂತೆ ಇದ್ದಳು. ಅಡುಗೆಮನೆಯ ಹಿಂದೆ, ಗೋಡೆಗೂ ಬೇಲಿಗೂ ನಡುವಿನ ಓಣಿಯಲ್ಲಿ ಕಾಂಕ್ರೀಟಿನ ಹಲಗೆ ಹಾಸಿ ಅದನ್ನು ನಿಲ್ಲಿಸಿದಳು. ನನಗಿಂತ ಅರ್ಧ ಅಡಿ ಎತ್ತರದ ಬಿಳಿ ತೊಟ್ಟಿ. ಪಕ್ಕೆಯಲ್ಲಿ ಒಂದು ಫ್ಯಾನು. ಎದೆಮಟ್ಟದಲ್ಲಿ ಹಿತ್ತಾಳೆಯ ಪುಟ್ಟ ವಾಲ್ವ್, ಅದರಿಂದ ಚರಂಡಿಗೆ ಇಳಿಬಿಟ್ಟ ಸಣ್ಣ ಕೊಳವೆ. ಚಾಲೂ ಮಾಡಿದರೆ ಮಡಿಲಲ್ಲಿ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು.

"ಪುಸ್ತಕ ಓದ್ಕೊಳ್ಳಿ," ಎಂದು ಕೈಪಿಡಿಯೊಂದನ್ನು ಕೊಟ್ಟಳು.

"ಊರಿಗೆಲ್ಲ ಅಕ್ಷರ ಓದಿಸೋನೇ ನಾನು," ಎಂದೆ. ಸುಳ್ಳಲ್ಲ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು. ಇರುವೆ ಗಾತ್ರದ ಅಕ್ಷರಗಳನ್ನು ದಿನಕ್ಕೆ ಇಪ್ಪತ್ತು ಜನರ ಬಾಯಲ್ಲಿ ಓದಿಸಿ ಬರುವವನು ಮನೆಗೆ ಬಂದು ಅಂಥವೇ ಅಕ್ಷರಗಳನ್ನು ತಾನೇ ಓದಬೇಕೆ? ಕೈಪಿಡಿಯನ್ನು ಹಾಗೇ ಅಂಗಡಿಗೆ ಒಯ್ಯುವ ಚೀಲಕ್ಕೆ ತುರುಕಿದೆ.

ಹೊರಡುವಾಗ ಆಕೆ ಕೊಳವೆಯ ಕಡೆ ಕೈತೋರಿಸಿ ಇನ್ನೂ ಏನೋ ಹೇಳಿದಳು. ಆಗ ನಾನು ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡಿಗೆ ಭೂಮಿಯ ಭವಿಷ್ಯದ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಭೂಮಿ ಉಳಿಸುವ ಭರದಲ್ಲಿ ಆಕೆಯ ಮಾತು ಕಿವಿಗೆ ಬೀಳಲಿಲ್ಲ.

ಮೊದಲ ವಾರ ಸ್ವರ್ಗ. ಬಿಸಿನೀರು ಹೇರಳ. ಅತ್ತೆಗೆ ಬೇರೆಯೇ ಲಾಭವಾಯಿತು. ಗಾಳಿಯ ಶಾಖವನ್ನು ಹೀರಿಕೊಂಡ ಮೇಲೆ ಫ್ಯಾನು ತಣ್ಣನೆಯ ಗಾಳಿಯನ್ನು ಹೊರಗೆ ಬಿಡುತ್ತದೆ. ಬಿರುಬೇಸಿಗೆ. ಅತ್ತೆ ಮಧ್ಯಾಹ್ನ ಓಣಿಗೆ ಕುರ್ಚಿ ಹಾಕಿಸಿಕೊಂಡು, ತೊಟ್ಟಿಗೆ ಬೆನ್ನು ಕೊಟ್ಟು ಕೂತು, ಬಟಾಣಿ ಸುಲಿಯುತ್ತ ಅಲ್ಲೇ ತೂಕಡಿಸುವುದನ್ನು ರೂಢಿ ಮಾಡಿಕೊಂಡರು.

ಎರಡನೆಯ ವಾರ ಆ ಹನಿ ನನ್ನ ಕಣ್ಣಿಗೆ ಬಿತ್ತು.

ಯಂತ್ರ ನೀರು ಕಾಯಿಸುವಾಗಲೆಲ್ಲ ಹಿತ್ತಾಳೆ ವಾಲ್ವಿನ ಕೊಳವೆಯಿಂದ ತೊಟ್ ತೊಟ್ ಎಂದು ಹನಿ ಉದುರುತ್ತಿತ್ತು. ಲೋಟ ಹಿಡಿದು ಅಳೆದೆ. ದಿನಕ್ಕೆ ಎರಡು ಲೋಟ! ಗಾಳಿಯಿಂದ ಹೆಕ್ಕಿ ತಂದ ಅಮೂಲ್ಯ ಶಾಖ ಹನಿಹನಿಯಾಗಿ ಚರಂಡಿ ಪಾಲು. ಇಡೀ ಬೀದಿಗೆ ಮಿತವ್ಯಯ ಬೋಧಿಸಿದವನ ಹಿತ್ತಲಲ್ಲೇ ಇಂಥ ಸೋರಿಕೆ! ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಳತೆಗೆ ಸರಿಯಾದ ಹಿತ್ತಾಳೆಯ ಮುಚ್ಚಳ ತಂದೆ. ಜೊತೆಗೊಂದು ಹೊಸ ಸ್ಪ್ಯಾನರ್. ಹೆಂಡತಿ ಡಿಪೋಗೆ ಹೋದ ಮೇಲೆ ಕೊಳವೆಯ ತುದಿಗೆ ಮುಚ್ಚಳ ತಿರುಗಿಸಿ, ಮೈಯ ಬಲವನ್ನೆಲ್ಲ ಹಾಕಿ ಬಿಗಿದೆ. ಹನಿ ನಿಂತಿತು. ಯುದ್ಧ ಗೆದ್ದ ಸೇನಾಪತಿಯಂತೆ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದೆ.

ಎರಡು ದಿನಕ್ಕೆ ಅಡುಗೆಮನೆಯ ಬಿಸಿನೀರಿನ ನಲ್ಲಿ ತೊಟ್ಟಿಕ್ಕತೊಡಗಿತು. ಹೊಸ ವಾಷರ್ ಹಾಕಿ ಬಿಗಿದೆ. ಮರುದಿನ ಬಚ್ಚಲಿನ ನಲ್ಲಿ. ಅದನ್ನೂ ಬಿಗಿದೆ. ಆಮೇಲೆ ಸಿಂಕಿನ ಕೆಳಗಿನ ಜಾಯಿಂಟು ಬೆವರಿತು. ಟೇಪು ಸುತ್ತಿ ಅದನ್ನೂ ಬಿಗಿದೆ. ನೀರು ಎಲ್ಲಿ ಕಣ್ಣು ಬಿಟ್ಟರೆ ಅಲ್ಲಿ ನನ್ನ ಸ್ಪ್ಯಾನರ್ ಹಾಜರ್.

"ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಬೆಕ್ಕು ಸೀನಿದ ಹಾಗೆ ಸೀನುತ್ತಲ್ಲ," ಎಂದಳು ಹೆಂಡತಿ. "ನೀವೇನಾದ್ರೂ ಮುಟ್ಟಿದ್ರಾ?"

"ಹೊಸ ವ್ಯವಸ್ಥೆ. ಅದಕ್ಕೆ ಉತ್ಸಾಹ ಜಾಸ್ತಿ."

"ನಿಮ್ಮನ್ನ ಕೇಳಿದ್ದು, ಮುಟ್ಟಿದ್ರಾ ಅಂತ."

"ನೋಡಿದೆ ಅಷ್ಟೇ."

ಗುರುವಾರ ಬಂತು. ಬಿಸಿಲು ಏರಿದಾಗ ಗಾಳಿಯಲ್ಲಿ ಶಾಖ ಹೆಚ್ಚು ಎಂದು ಯಂತ್ರದ ಟೈಮರನ್ನು ಹನ್ನೊಂದರಿಂದ ಮೂರಕ್ಕೆ ಇಟ್ಟಿದ್ದೆ. ಅಂಗಡಿಯಲ್ಲಿ ಒಂದು ಗಂಟೆಯ ಸುಮಾರಿಗೆ ಪುಸ್ತಕ ಬೈಂಡ್ ಮಾಡುವ ಅಜ್ಜಿಯೊಬ್ಬರು ಪರೀಕ್ಷೆಯ ಕುರ್ಚಿಯಲ್ಲಿ ಕೂತರು. ಓದಿಸುವ ಕಾರ್ಡನ್ನು ಕೈಗೆ ಕೊಟ್ಟೆ.

"ಇದು ಬೇಡಪ್ಪ. ಹೋದ ವರ್ಷ ಓದಿ ಓದಿ ಬಾಯಿಪಾಠ ಆಗಿದೆ. ಕಣ್ಣು ಮುಚ್ಚಿಕೊಂಡೂ ಹೇಳ್ತೀನಿ. ಬೇರೆ ಏನಾದ್ರೂ ಸಣ್ಣ ಅಕ್ಷರದ್ದು ಕೊಡು."

ಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಹೀಟ್ ಪಂಪಿನ ಕೈಪಿಡಿ. ಅಜ್ಜಿ ಬೈಂಡಿಂಗ್ ಪರೀಕ್ಷಿಸಿ, ಹೊಲಿಗೆ ಕಳಪೆ ಎಂದು ತೀರ್ಪು ಕೊಟ್ಟು, ಕೊನೆಯ ಪುಟ ತೆಗೆದು ಬೆರಳಿಟ್ಟು ಓದತೊಡಗಿದರು.

"ಎ... ಎಚ್ಚರಿಕೆ. ಸುರಕ್ಷತಾ ವಾಲ್ವಿನ ಕೊಳವೆಯಿಂದ... ನೀರು ತೊಟ್ಟಿಕ್ಕುವುದು ಸಹಜ. ಇದನ್ನು ಯಾವ ಕಾರಣಕ್ಕೂ... ಮುಚ್ಚಬಾರದು."

"ಮುಂದೆ ಓದಿ," ಎಂದೆ.

"ಮುಚ್ಚಿದಲ್ಲಿ ಒಳಗಿನ ಒತ್ತಡ ಹೆಚ್ಚಿ ತೊಟ್ಟಿಯು... ಇಲ್ಲಿಂದ ಮುಂದೆ ಮಂಜು ಮಂಜು. ಗಾಜು ಬದಲಾಯಿಸು."

ಬದಲಾಯಿಸುವ ಅವಸರದಲ್ಲಿ ಎರಡು ಗಾಜು ನೆಲಕ್ಕೆ ಬಿದ್ದವು. ಮೂರನೆಯದನ್ನು ಹೇಗೋ ಸಿಕ್ಕಿಸಿದೆ. "ಈಗ?"

"ಸಿ... ಸಿಡಿ... ಹಾಂ. 'ಸಿಡಿದು ಪ್ರಾಣಾಪಾಯ ಸಂಭವಿಸಬಹುದು.' ಈಗ ಚೊಕ್ಕವಾಗಿ ಕಾಣುತ್ತೆ. ಇದೇ ನಂಬರ್ ಇರಲಿ."

ಕೈಕಾಲು ತಣ್ಣಗಾದವು. ಗಾಳಿಯ ಶಾಖ ಹೀರುವ ಯಂತ್ರ ಅಲ್ಲಿಂದಲೇ ನನ್ನ ಮೈಯ ಶಾಖವನ್ನು ಹೀರುತ್ತಿದ್ದಂತಿತ್ತು. ಗಡಿಯಾರ ನೋಡಿದೆ. ಒಂದು ಗಂಟೆ ಐದು ನಿಮಿಷ. ಹನ್ನೊಂದರಿಂದ ಅದು ನೀರು ಕಾಯಿಸುತ್ತಿದೆ. ಬೆಳಗಿನ ಸ್ನಾನಗಳಾದ ಮೇಲೆ ಮನೆಯಲ್ಲಿ ಯಾರೂ ಬಿಸಿನೀರಿನ ನಲ್ಲಿ ತಿರುಗಿಸಿರಲಿಕ್ಕಿಲ್ಲ. ಒಳಗಿನ ಒತ್ತಡ ಹೊರಬರಲು ಇದ್ದ ಒಂದೊಂದು ಸಂದನ್ನೂ ನಾನೇ, ಈ ನನ್ನ ಕೈಯಾರೆ, ಹುಡುಕಿ ಹುಡುಕಿ ಮುಚ್ಚಿದ್ದೇನೆ. ಮತ್ತು ಈ ಹೊತ್ತಿಗೆ ಅತ್ತೆ ಅದಕ್ಕೆ ಬೆನ್ನು ಕೊಟ್ಟು ಕೂತಿರುತ್ತಾರೆ.

ಅತ್ತೆಗೆ ಫೋನ್ ಮಾಡಿದೆ. ಬಳಸದಿದ್ದರೆ ಹೆಚ್ಚು ಕಾಲ ಬಾಳುತ್ತದೆಂದು ಅವರು ಫೋನನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಾರೆ. ಅದು ಸೀರೆಗಳಿಗೆ ಕೇಳಿಸುವಂತೆ ಬಡಿದುಕೊಂಡು ಸುಮ್ಮನಾಯಿತು. ಹೆಂಡತಿಗೆ ಮಾಡಿದೆ.

"ಅಂಗಡಿಯಿಂದ ಮನೆಗೆ ಬೇಗ ಹೋಗೋ ಬಸ್ಸು ಯಾವುದು?"

"ಒಂದು ಹನ್ನೆರಡಕ್ಕೆ ಏಳನೇ ನಂಬರು. ಯಾಕೆ?"

"ಸುಮ್ಮನೆ."

"ಮಧ್ಯಾಹ್ನ ಒಂದು ಗಂಟೆಗೆ ಯಾರೂ ಸುಮ್ಮನೆ ಮನೆಗೆ ಹೋಗಲ್ಲ. ಏನು ಮಾಡಿದ್ರಿ?"

"ಹೀಟ್ ಪಂಪಿನ ಕೊಳವೆಗೆ ಮುಚ್ಚಳ ಹಾಕಿ..."

"ಅಮ್ಮ ಅದರ ಹತ್ತಿರ ಇರ್ತಾರೆ," ಎಂದಳು. ಈ ಸಲ ಅವಳ ದನಿಯಲ್ಲಿ ವೇಳಾಪಟ್ಟಿ ಇರಲಿಲ್ಲ. "ನಾನು ಪ್ಲಂಬರನ್ನ ಕರ್ಕೊಂಡು ಬರ್ತೀನಿ. ನೀವು ಓಡಿ."

ಓಡಿದೆ. ಓಡುತ್ತಲೇ ಗಾರ್ಡಿಗೆ ಫೋನ್ ಮಾಡಿ, "ದಯವಿಟ್ಟು ನಮ್ಮತ್ತೆಯನ್ನ ಬೀದಿಗೆ ಕರ್ಕೊಂಡು ಬನ್ನಿ, ಕಾರಣ ಕೇಳಬೇಡಿ," ಎಂದೆ. ಗಾರ್ಡು ಕಾರಣ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಬಸ್ಸಿನಲ್ಲಿ ಹದಿನೇಳು ನಿಮಿಷ. ಅಷ್ಟರಲ್ಲಿ ಅತ್ತೆಯನ್ನು ನಾನು ಐದು ಸಲ ಕಳೆದುಕೊಂಡೆ. ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ. ಯಾರೋ ಕಿಟಕಿ ದಡಾರನೆ ಮುಚ್ಚಿದಾಗ ನಾನು ಸೀಟಿನಡಿ ಅರ್ಧ ಇಳಿದುಬಿಟ್ಟಿದ್ದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ನಮ್ಮ ಬಡಾವಣೆಯ ಮೇಲೆ ಹೊಗೆ ಕಾಣುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಕಂಡಿತು. ಆಮೇಲೆ ಅದು ಮೋಡವಾಯಿತು. ಮೂರು ವರ್ಷದ ಹಿಂದೆ ನನಗೆ ಜ್ವರ ಬಂದಾಗ ಅತ್ತೆ ಒಂದು ಮಾತೂ ಆಡದೆ ನಾಲ್ಕು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದರು. ಅದ್ಯಾಕೆ ಆಗಲೇ ನೆನಪಾಗಬೇಕೋ.

ಬೀದಿಯ ತಿರುವಿಗೆ ಬಂದರೆ ನಮ್ಮ ಮನೆಯ ಮುಂದೆ ಜನ. ಗಾರ್ಡು ಬಾಗಿಲು ಬಡಿದು ಬಡಿದು ಸಾಕಾಗಿ, ಹಳೆಯ ಸೀಟಿ ತಂದು ಊದಿದ್ದರಂತೆ. ಸೀಟಿಗೆ ಬೀದಿಯೆಲ್ಲ ಎದ್ದು ಬಂದಿತ್ತು, ಅತ್ತೆಯೊಬ್ಬರನ್ನು ಬಿಟ್ಟು.

"ಒಳಗೆ ಹೋಗಬಹುದಿತ್ತಲ್ಲ, ಓಣಿ ತೆರೆದೇ ಇದೆ," ಎಂದೆ ಏದುಸಿರು ಬಿಡುತ್ತ.

"ಕಾರಣ ಕೇಳಬೇಡಿ ಅಂದ್ರಲ್ಲ," ಎಂದರು ಗಾರ್ಡು. "ಕಾರಣ ಹೇಳೋಕಾಗದ ಕಡೆಗೆ ನಾನು ಹೋಗಲ್ಲ. ಅಲ್ಲೇನಿದೆ?"

ಹೇಳಿದೆ. ಜನವೆಲ್ಲ ಒಮ್ಮೆಗೇ ಎದುರಿನ ಫುಟ್‌ಪಾತಿಗೆ ಹೋಯಿತು. ನಾನೊಬ್ಬನೇ ಈಚೆ ಬದಿಯಲ್ಲಿ ಉಳಿದೆ.

ಓಣಿಯಲ್ಲಿ ತುದಿಗಾಲಲ್ಲಿ ನಡೆದೆ. ಯಂತ್ರ ಗುರುಗುಟ್ಟುತ್ತಿತ್ತು. ಅದರ ನಡುನಡುವೆ ತೊಟ್ಟಿಯೊಳಗಿಂದ 'ಟಿಕ್' ಎಂದು ಸಣ್ಣ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು 'ಟಿಕ್'. ಅದಕ್ಕೆ ತಲೆಯಾನಿಸಿ, ಮಡಿಲಲ್ಲಿ ಬಟಾಣಿ ಬುಟ್ಟಿ ಇಟ್ಟುಕೊಂಡು, ಬಾಯಿ ತುಸು ತೆರೆದು ಅತ್ತೆ ನಿದ್ದೆ ಮಾಡುತ್ತಿದ್ದರು. ತಣ್ಣನೆಯ ಗಾಳಿಗೆ ಅವರ ಬಿಳಿ ಕೂದಲಿನ ಎಳೆಯೊಂದು ಅಲುಗುತ್ತಿತ್ತು.

"ಅತ್ತೆ," ಎಂದು ಪಿಸುಗುಟ್ಟಿದೆ. ಜೋರಾಗಿ ಕೂಗಿದರೆ ಸಿಡಿದೀತೆಂಬ ಭಯ. ಕಿವಿ ಮಂದವಾದವರನ್ನು ಪಿಸುಮಾತಿನಲ್ಲಿ ಎಬ್ಬಿಸುವ ಪ್ರಯತ್ನ ಲೋಕದಲ್ಲಿ ಅದೇ ಮೊದಲಿರಬೇಕು. ಕೊನೆಗೆ ಮೊಣಕೈ ಮುಟ್ಟಿದೆ.

ಅತ್ತೆ ಕಣ್ಣು ತೆರೆದರು. "ಅಂಗಡಿ ಇಲ್ವಾ?"

"ಇದೆ. ಎದ್ದು ಬನ್ನಿ. ನಿಧಾನ."

"ಬಟಾಣಿ ಇನ್ನೂ ಅರ್ಧ ಇದೆ."

"ಬಟಾಣಿ ಹಾಳಾಗಲಿ, ಬನ್ನಿ."

"ಹಾಳಾಗಲಿ ಅಂದ್ರೆ? ಹಸಿ ಬಟಾಣಿ ಇದು." ಆಮೇಲೆ ನನ್ನ ಮುಖ ನೋಡಿದರು. ಅತ್ತೆ ಇನ್ನೇನೂ ಕೇಳದೆ ಎದ್ದು, ನನ್ನ ಕೈ ಹಿಡಿದುಕೊಂಡರು. ನಾನು ಅವರನ್ನು ಕರೆತಂದೆನೋ ಅವರು ನನ್ನನ್ನು ಕರೆತಂದರೋ, ಅಂತೂ ಇಬ್ಬರೂ ಗೇಟಿಗೆ ತಲುಪಿದೆವು.

ಫೋನ್ ರಿಂಗಾಯಿತು. ಪ್ಲಂಬರ್. ಹೆಂಡತಿಯ ಜೊತೆ ಬಸ್ಸಿನಲ್ಲಿದ್ದಳು.

"ಮೊದಲು ಸ್ವಿಚ್ ಆಫ್ ಮಾಡಿ. ಆಮೇಲೆ ಅಡುಗೆಮನೆ ಬಿಸಿನೀರಿನ ನಲ್ಲಿ ತೆಗೀರಿ. ಪಕ್ಕಕ್ಕೆ ನಿಂತು ತೆಗೀರಿ. ಮುಚ್ಚಳ ಮುಟ್ಟಬೇಡಿ." ಇಟ್ಟುಬಿಟ್ಟಳು. ಆವತ್ತಿನ ಮಾತೆಲ್ಲ ಅದರಲ್ಲೇ ಮುಗಿದಿತ್ತೋ ಏನೋ.

ಸ್ವಿಚ್ ಇದ್ದುದು ತೊಟ್ಟಿಯ ಹಿಂದಿನ ಗೋಡೆಯಲ್ಲಿ. ಮತ್ತೆ ಒಳಗೆ ಹೋಗಬೇಕು. ಎದುರಿನ ಫುಟ್‌ಪಾತಿನ ಕಡೆ ನೋಡಿದೆ. ಭೂಮಿಯ ಭವಿಷ್ಯದ ಬಗ್ಗೆ ನನ್ನ ಉಪನ್ಯಾಸ ಕೇಳಿದವರೆಲ್ಲ ಭೂಮಿಯನ್ನೇ ನೋಡುತ್ತ ನಿಂತಿದ್ದರು. ಮುಂಬಾಗಿಲಿಂದ ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯೊಂದನ್ನು ತಲೆಗೆ ಕವುಚಿಕೊಂಡೆ. ಅದು ಮೂಗಿನವರೆಗೂ ಇಳಿಯಿತು. ಕಣ್ಣು ಕಾಣದವನಂತೆ ಓಣಿಯ ಗೋಡೆ ಸವರಿಕೊಂಡು, ಮಂಡಿಯೂರಿ, ತೊಟ್ಟಿಯ ಹಿಂದೆ ಕೈ ಚಾಚಿ ಸ್ವಿಚ್ ಒತ್ತಿದೆ. ಗುರುಗುಟ್ಟು ನಿಂತಿತು. ಆ ಮೌನ ಸದ್ದಿಗಿಂತ ಭಯಂಕರ. ಮೌನದೊಳಗೆ ಮತ್ತೆ 'ಟಿಕ್'.

ಅಡುಗೆಮನೆಗೆ ತೆವಳಿದೆ. ಪಕ್ಕಕ್ಕೆ ನಿಂತು ನಲ್ಲಿ ತಿರುಗಿಸಿದೆ. ಜಗ್ಗಲಿಲ್ಲ. ಅದನ್ನು ಬಿಗಿದ ಮಹಾಶೂರ ಯಾರು? ಆ ಮಹಾಶೂರನೇ ಈಗ ಎರಡೂ ಕೈಯಿಂದ ಜೋತುಬಿದ್ದರೂ ಒಂದಿಷ್ಟೂ ಅಲುಗಲಿಲ್ಲ. ಸಿಂಕಿನ ಕೆಳಗೆ ಬಚ್ಚಿಟ್ಟಿದ್ದ ಸ್ಪ್ಯಾನರ್ ತೆಗೆದು, ಸಿಕ್ಕಿಸಿ, ಕಾಲನ್ನು ಸಿಂಕಿಗೆ ಒತ್ತಿ ಹಿಡಿದು ಜಗ್ಗಿದೆ.

ಢಂ!

ನಲ್ಲಿಯ ತಲೆ ಹಾರಿ ಛಾವಣಿಗೆ ಬಡಿದು, ಅಲ್ಲಿಂದ ನನ್ನ ಪಾತ್ರೆಗೆ ಬಡಿಯಿತು. ಪಾತ್ರೆಯೊಳಗೆ ಗಂಟೆ ಬಾರಿಸಿದಂತಾಗಿ ನಾನು ನೆಲಕ್ಕುರುಳಿದೆ. ಮೇಲೆ ಬಿಸಿನೀರಿನ ಕಾರಂಜಿ. ಹೊರಗೆ ಜನ ಓಡುವ ಸದ್ದು. ಎತ್ತ ಓಡುತ್ತಿದ್ದಾರೆ ಎಂಬುದು ದೂರವಾಗುತ್ತಿದ್ದ ಹೆಜ್ಜೆಗಳಿಂದಲೇ ತಿಳಿಯಿತು. ಕಣ್ಣಿಗೆ ಕತ್ತಲೆ. ಸತ್ತಿದ್ದೇನೆ ಎಂದುಕೊಂಡೆ. ಬಹಳ ಹೊತ್ತು ಕತ್ತಲೆ ಹೋಗದಿದ್ದಾಗ, ಅದು ಪಾತ್ರೆ ಎಂದು ನೆನಪಾಯಿತು.

ಯಾರೋ ಅದನ್ನು ತೆಗೆದರು. ಅತ್ತೆ. ಇಡೀ ಬೀದಿ ಆ ಕಡೆ ಓಡಿದಾಗ ಈ ಕಡೆ ನಡೆದು ಬಂದವರು ಅವರೊಬ್ಬರೇ.

"ಸುಟ್ಟಿತಾ?"

"ಇಲ್ಲ... ಕೈ ಸ್ವಲ್ಪ."

ಕಾರಂಜಿಯ ರಭಸ ಇಳಿಯುವವರೆಗೆ ನನ್ನನ್ನು ಮೂಲೆಗೆ ಎಳೆದು ನಿಲ್ಲಿಸಿಕೊಂಡು, ಆಮೇಲೆ ಒದ್ದೆ ಟವೆಲ್ ಮೈಗೆ ಹೊದ್ದು ಬಗ್ಗಿ, ಸಿಂಕಿನ ಕೆಳಗಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದರು. ಆಮೇಲೆ ನನ್ನ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದರು. ಬಿಡಲೇ ಇಲ್ಲ.

ಹತ್ತು ನಿಮಿಷಕ್ಕೆ ಹೆಂಡತಿಯೂ ಪ್ಲಂಬರೂ ಬಂದರು. ಹೆಂಡತಿ ತಾಯಿಯನ್ನು ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸವರಲಿಲ್ಲ. ಅಪಾಯ ಕಳೆಯಿತೆಂದು ತಿಳಿದು ಬೀದಿಯೂ ಧೈರ್ಯ ತಂದುಕೊಂಡು ಓಣಿಗೆ ನುಗ್ಗಿತು, ಎಲ್ಲರಿಗಿಂತ ಮುಂದೆ ಗಾರ್ಡು.

ಪ್ಲಂಬರ್ ಒಳಗಿನ ನಲ್ಲಿಗಳನ್ನು ನೋಡಿ ಬಂದು, ತೊಟ್ಟಿಯ ಮೈ ಮುಟ್ಟಿ ನೋಡಿದಳು. ಮುಚ್ಚಳವನ್ನು ಕೂದಲೆಳೆಯಷ್ಟೇ ಸಡಿಲಿಸಿದಳು. 'ಸ್‌ಸ್‌ಸ್' ಎಂದು ಇನ್ನೂ ಉಳಿದಿದ್ದ ಒತ್ತಡ ಅಂಚಿನಿಂದ ಚಿಮ್ಮಿತು. ಎಲ್ಲರೂ ಎರಡು ಹೆಜ್ಜೆ ಹಿಂದೆ. ಪೂರ್ತಿ ತೆಗೆದು ಅಂಗೈಯಲ್ಲಿ ಹಿಡಿದಳು. ಆಮೇಲೆ ಒದ್ದೆಯಾಗಿ, ಸ್ಪ್ಯಾನರ್ ಸಮೇತ ನಿಂತಿದ್ದ ನನ್ನ ಕಡೆ ತಿರುಗಿ, ಬಹಳ ಹೊತ್ತು ಮುಖವನ್ನೇ ನೋಡಿ ಕೇಳಿದಳು.

"ಇದನ್ನ ಈ ಮನೆಗೆ ತಂದೋರು ಯಾರು?"

ಒಪ್ಪಿಕೊಳ್ಳಲು ಬಾಯಿ ತೆರೆದೆ. ಹೆಂಡತಿ ಕಾಯುತ್ತಿದ್ದಳು. ಗಾರ್ಡು ಸೀಟಿ ಹಿಡಿದು ಕಾಯುತ್ತಿದ್ದರು.

"ನಾನು," ಎಂದರು ಅತ್ತೆ.

ಎಲ್ಲರೂ ಅವರತ್ತ ತಿರುಗಿದರು. ಎಪ್ಪತ್ತು ದಾಟಿದ ಹೆಂಗಸಿಗೆ ಏನೆಂದು ಬೈಯುವುದು? ಪ್ಲಂಬರ್ ಮೃದುವಾದಳು.

"ಇದು ಈ ಯಂತ್ರದ ಬಾಯಿ, ತಾಯಿ. ಮುಚ್ಚಬಾರದು. ಸಾಕಾಗಿದೆ ಅಂತ ಅದು ಇಲ್ಲಿ ಹೇಳ್ತು, ಅಡುಗೆಮನೇಲಿ ಹೇಳ್ತು, ಬಚ್ಚಲಲ್ಲಿ ಹೇಳ್ತು. ಹೇಳಿದ ಕಡೆಯೆಲ್ಲ ಬಾಯಿ ಮುಚ್ಚಿಸಿದ್ರೆ ಪಾಪ ಅದು ಏನು ಮಾಡಬೇಕು? ಇನ್ನು ಹೀಗೆ ಮಾಡಬೇಡಿ."

"ಇಲ್ಲಮ್ಮ. ಮಾಡೋ ಕಾಲ ಮುಗಿಯಿತು," ಎಂದರು ಅತ್ತೆ ಶಾಂತವಾಗಿ.

ನಲ್ಲಿಗೆ ಹೊಸ ತಲೆ ಬಂತು. ಬೀದಿ ಚದುರಿತು. ಹೆಂಡತಿ ಮುಚ್ಚಳವನ್ನೂ ಸ್ಪ್ಯಾನರನ್ನೂ ಕೈಚೀಲಕ್ಕೆ ಹಾಕಿಕೊಂಡು, ಪ್ಲಂಬರನ್ನು ನಿಲ್ದಾಣದವರೆಗೆ ಬಿಟ್ಟುಬರಲು ಹೋದಳು. ಅತ್ತೆ ಏನೂ ಆಗದವರಂತೆ ಕುರ್ಚಿಗೆ ಮರಳಿ ಉಳಿದ ಬಟಾಣಿ ಸುಲಿಯತೊಡಗಿದರು.

ನನ್ನ ಎದೆ ತುಂಬಿ ಬಂತು. ಅವರ ಪಕ್ಕ ನೆಲದ ಮೇಲೆ ಕೂತೆ. ಬುಟ್ಟಿಯಿಂದ ಒಂದು ಕಾಯಿ ತೆಗೆದುಕೊಂಡು ಸುಲಿಯಲು ಹೋದೆ. ಕಾಳುಗಳು ನೆಲದ ಮೇಲೆ ಉರುಳಿದವು.

"ಅತ್ತೆ," ಎಂದೆ, ಈ ಸಲ ಕೇಳಿಸುವಂತೆ. "ಬೀದಿಯೆಲ್ಲರ ಎದುರು ನನ್ನ ಮಾನ ಉಳಿಸಿದ್ರಿ. ನನಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ರಿ. ಈ ಋಣ ಹೇಗೆ ತೀರಿಸಲಿ?"

ಅತ್ತೆಯ ಕೈ ನಿಂತಿತು. ನನ್ನನ್ನು ನೋಡಿದರು.

"ಸುಳ್ಳು ಯಾವುದು?" ಎಂದರು. "ಆಕೆ ನಿಮ್ಮ ಮುಖ ನೋಡ್ತಾ, ಇದನ್ನ ಈ ಮನೆಗೆ ತಂದೋರು ಯಾರು ಅಂತ ಕೇಳಿದ್ಲು. ಅಳಿಯ ಅಂತ ತಂದಿದ್ದು ನಾನೇ ತಾನೆ? ನನ್ನ ಮಗಳು ಆಗಲೂ ಬೇಡ ಅಂತಲೇ ಅಂದಿದ್ಲು."